ಬೆದರಿಕೆಯ ಪತ್ರವನ್ನು ದೇವರ ಮುಂದೆ ಹರಡುವುದು: ಭಯ ಮತ್ತು ಚಿಂತೆಯಲ್ಲಿರುವ ವಿಶ್ವಾಸಿಗೆ ಒಂದು ಮಾರ್ಗದರ್ಶಿ

ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸನಾದ ಸನ್ಹೇರೀಬನು ಯೆಹೂದ ದೇಶದ ಮೇಲೆ ದಂಡೆತ್ತಿ ಬಂದು, ಕೋಟೆಯುಳ್ಳ ಪಟ್ಟಣಗಳನ್ನು ಒಂದೊಂದಾಗಿ ಹಿಡಿಯುತ್ತಾ ಹೋದನು. ತಾನು 46 ಪಟ್ಟಣಗಳನ್ನು ಗೆದ್ದೆನೆಂದೂ, ಯೆರೂಸಲೇಮಿನ ಅರಸನಾದ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಪಟ್ಟಣದಲ್ಲಿಯೇ ಕೂಡಿಹಾಕಿದೆನೆಂದೂ ಅವನು ತನ್ನ ಶಾಸನದಲ್ಲಿ ಬರೆಸಿಕೊಂಡಿದ್ದಾನೆ. ಆ ದಿನಗಳಲ್ಲಿ ಹಿಜ್ಕೀಯನ ಕೈಗೆ ಒಂದು ಬೆದರಿಕೆಯ ಪತ್ರ ಬಂತು. ನಿನ್ನ ದೇವರು ನಿನ್ನನ್ನು ಕಾಪಾಡುತ್ತಾನೆಂದು ನಂಬಿ ಮೋಸಹೋಗಬೇಡ, ಬೇರೆ ಯಾವ ದೇಶದ ದೇವರೂ ತನ್ನ ಜನರನ್ನು ನಮ್ಮ ಕೈಯಿಂದ ಬಿಡಿಸಲಿಲ್ಲ ಎಂಬುದು ಅದರ ಸಾರ. ಹಿಜ್ಕೀಯನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಯೆಹೋವನ ಮುಂದೆ ಹರಡಿದನೆಂದು ಎರಡನೆಯ ಅರಸುಗಳು 19ನೆಯ ಅಧ್ಯಾಯವು ತಿಳಿಸುತ್ತದೆ.

ನಮ್ಮ ಮನೆಗಳಿಗೂ ಇಂಥ ಪತ್ರಗಳು ಬರುತ್ತವೆ. ಬಯಾಪ್ಸಿಯ ವರದಿ, ಬ್ಯಾಂಕಿನ ನೋಟಿಸು, ಕೆಲಸದಿಂದ ತೆಗೆಯುವ ಸೂಚನೆ, ದೂರದ ಊರಿನಲ್ಲಿರುವ ಮಗನಿಂದ ಮೂರು ದಿನವಾದರೂ ಬಾರದ ಫೋನು, ಇವೆಲ್ಲವೂ ಸನ್ಹೇರೀಬನ ಪತ್ರದ ಹಾಗೆಯೇ ಮಾತನಾಡುತ್ತವೆ: ನಿನ್ನ ದೇವರು ನಿನಗೆ ಏನು ಮಾಡಬಲ್ಲನು ಎಂದು ಕೇಳುತ್ತವೆ. ಆಗ ಅನೇಕ ವಿಶ್ವಾಸಿಗಳು ಪತ್ರವನ್ನು ಮಡಚಿ ಒಳಗಿಟ್ಟುಕೊಂಡು, "ದೇವರಿದ್ದಾನೆ, ಎಲ್ಲಾ ಸರಿಹೋಗುತ್ತದೆ" ಎಂದು ಹೊರಗೆ ಹೇಳಿ, ರಾತ್ರಿಯಿಡೀ ಒಬ್ಬರೇ ಎಚ್ಚರವಾಗಿರುತ್ತಾರೆ. ನಂಬಿಕೆಯ ಹೆಸರಿನಲ್ಲಿ ಭಯವನ್ನು ಮುಚ್ಚಿಡುವುದು ನಂಬಿಕೆಯಲ್ಲ, ಅದನ್ನು ಇದ್ದಂತೆಯೇ ದೇವರ ಮುಂದೆ ಬಿಚ್ಚಿ ಹರಡುವುದೇ ನಂಬಿಕೆ ಎಂಬ ವಿಷಯವನ್ನು ಹಂತಹಂತವಾಗಿ ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಹಿಜ್ಕೀಯನ ಚರಿತ್ರೆಯೇ ನಮಗೆ ದಾರಿ ತೋರಿಸುತ್ತದೆ.

ಮೊದಲ ಹೆಜ್ಜೆ: ಭಯಪಟ್ಟದ್ದಕ್ಕಾಗಿ ನಿಮ್ಮನ್ನು ನೀವು ಶಿಕ್ಷಿಸುವುದನ್ನು ನಿಲ್ಲಿಸಿರಿ

ಅಶ್ಶೂರದವರ ಮಾತುಗಳನ್ನು ಕೇಳಿದಾಗ ಹಿಜ್ಕೀಯನು ಮೊದಲು ಮಾಡಿದ ಕೆಲಸವೆಂದರೆ ಬಟ್ಟೆಗಳನ್ನು ಹರಿದುಕೊಂಡು ಗೋಣೀತಟ್ಟನ್ನು ಉಟ್ಟುಕೊಂಡದ್ದು. ಯೆಹೂದದ ಅರಸರಲ್ಲಿ ಯೆಹೋವನ ಮೇಲೆ ಅವನಂತೆ ಭರವಸವಿಟ್ಟವರು ಅವನಿಗಿಂತ ಮುಂಚೆಯೂ ಇರಲಿಲ್ಲ, ಅವನ ತರುವಾಯವೂ ಇರಲಿಲ್ಲ ಎಂದು ಸತ್ಯವೇದವು ಸಾಕ್ಷಿ ಹೇಳುವುದು ಇದೇ ಮನುಷ್ಯನ ವಿಷಯದಲ್ಲಿ ಎಂಬುದನ್ನು ನೆನಪಿಡಬೇಕು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ, ತನಗೆ ಹೊರಗೆ ಕಲಹಗಳೂ ಒಳಗೆ ಭಯಗಳೂ ಇದ್ದವೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಗೆತ್ಸೇಮನೆಯ ತೋಟದಲ್ಲಿ ನಮ್ಮ ಕರ್ತನೇ ಕಳವಳಗೊಂಡು, ತನ್ನ ಪ್ರಾಣವು ಸಾಯುವಷ್ಟು ದುಃಖಪಡುತ್ತಿದೆಯೆಂದು ಶಿಷ್ಯರಿಗೆ ಹೇಳಿದನು.

"ಯಾವುದಕ್ಕೂ ಚಿಂತಿಸಬೇಡಿರಿ" ಎಂಬ ಫಿಲಿಪ್ಪಿಯವರಿಗೆ ಬರೆದ ಮಾತನ್ನು ಹಲವರು ಗದರಿಕೆಯಂತೆ ಓದುತ್ತಾರೆ, ಇತರರ ಮೇಲೆ ಗದರಿಕೆಯಂತೆಯೇ ಪ್ರಯೋಗಿಸುತ್ತಾರೆ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದವನ್ನೇ ಪೌಲನು ಅದೇ ಪತ್ರದ 2ನೆಯ ಅಧ್ಯಾಯದಲ್ಲಿ ತಿಮೊಥೆಯನ್ನು ಹೊಗಳುವುದಕ್ಕೂ ಬಳಸಿದ್ದಾನೆ. ನಿಮ್ಮ ಕ್ಷೇಮವನ್ನು ಅವನಷ್ಟು ಯಥಾರ್ಥವಾಗಿ ಚಿಂತಿಸುವವರು ಬೇರೊಬ್ಬರಿಲ್ಲ ಎಂಬ ಅರ್ಥದಲ್ಲಿ. ಆದ್ದರಿಂದ ಮಗುವಿನ ಜ್ವರಕ್ಕಾಗಿ ಮರುಗುವ ತಾಯಿಯ ಮನಸ್ಸನ್ನು ಪೌಲನು ಪಾಪವೆಂದು ಕರೆಯುತ್ತಿಲ್ಲ. ಆ ಕಾಳಜಿಯು ದೇವರ ಕಡೆಗೆ ತಿರುಗದೆ ತನ್ನ ಸುತ್ತಲೇ ಗಾಣದೆತ್ತಿನಂತೆ ತಿರುಗತೊಡಗಿದಾಗ ಅದನ್ನು ಎಲ್ಲಿಗೆ ಒಯ್ಯಬೇಕೆಂದು ಅವನು ತಿಳಿಸುತ್ತಿದ್ದಾನೆ, ಅಷ್ಟೇ.

ಎರಡನೆಯ ಹೆಜ್ಜೆ: ಪತ್ರವನ್ನು ಪೂರ್ತಿಯಾಗಿ ಓದಿರಿ

ಚಿಂತೆಗೆ ರೂಪವಿಲ್ಲದಿರುವುದೇ ಅದರ ಬಲ. "ಏನಾಗುವುದೋ" ಎಂಬ ಒಂದು ಮಾತಿನೊಳಗೆ ಸಾಲ, ರೋಗ, ಅವಮಾನ, ಮರಣ ಎಲ್ಲವೂ ಒಟ್ಟಿಗೆ ಸೇರಿಕೊಂಡಿರುತ್ತವೆ. ಒಂದು ಸಾಧಾರಣ ನೋಟ್‌ಬುಕ್ ತೆಗೆದುಕೊಂಡು, ಎಡಗಡೆಯ ಪುಟದಲ್ಲಿ ತಾರೀಖು ಹಾಕಿ, ನಿಮ್ಮ ಭಯವನ್ನು ಒಂದೊಂದು ಪೂರ್ಣವಾಕ್ಯವಾಗಿ ಬರೆಯಿರಿ. "ಆರೋಗ್ಯದ ಚಿಂತೆ" ಎಂದು ಬರೆದರೆ ಸಾಲದು. "ಗುರುವಾರ ಬರುವ ವರದಿಯಲ್ಲಿ ಕ್ಯಾನ್ಸರ್ ಎಂದಿದ್ದರೆ ಚಿಕಿತ್ಸೆಗೆ ಹಣ ಹೊಂದಿಸಲು ನನ್ನಿಂದಾಗದು, ಮಕ್ಕಳು ಓದು ಬಿಡಬೇಕಾಗುತ್ತದೆ ಎಂದು ಹೆದರುತ್ತಿದ್ದೇನೆ" ಎಂದು ಬರೆಯಬೇಕು. ಹೀಗೆ ಬರೆದಾಗ, ಒಂದೇ ಎಂದು ತೋರಿದ ಭಯದಲ್ಲಿ ಮೂರು ಬೇರೆಬೇರೆ ಭಯಗಳಿದ್ದವೆಂದು ಕಾಣುತ್ತದೆ. ಅವುಗಳಲ್ಲಿ ಒಂದಕ್ಕೆ ಉತ್ತರ ಆಸ್ಪತ್ರೆಯ ಕೌಂಟರಿನಲ್ಲಿ ಸಿಗಬಹುದು, ಇನ್ನೊಂದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಸಿಗಬಹುದು, ಮೂರನೆಯದಕ್ಕೆ ಮನುಷ್ಯರ ಬಳಿ ಉತ್ತರವೇ ಇಲ್ಲದಿರಬಹುದು.

ಬರೆದದ್ದರಲ್ಲಿ ಈಗಾಗಲೇ ನಡೆದದ್ದು ಯಾವುದು, ನಡೆಯಬಹುದೆಂದು ಮನಸ್ಸು ಕಲ್ಪಿಸಿಕೊಂಡದ್ದು ಯಾವುದು ಎಂಬುದನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿರಿ. ಫಿಲಿಪ್ಪಿ 4:8ರಲ್ಲಿ ಮನಸ್ಸಿಗೆ ತಂದುಕೊಳ್ಳಬೇಕಾದವುಗಳ ಪಟ್ಟಿಯನ್ನು ಪೌಲನು ಕೊಡುವಾಗ, ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಎಂಬವುಗಳಿಗಿಂತ ಮೊದಲು ಸತ್ಯವಾದದ್ದನ್ನು ಇಟ್ಟಿದ್ದಾನೆ. ರಾತ್ರಿ ಎರಡು ಗಂಟೆಗೆ ನಮ್ಮನ್ನು ಕಾಡುವುದರಲ್ಲಿ ಹೆಚ್ಚಿನದು ಇನ್ನೂ ಸತ್ಯವಾಗಿಲ್ಲದ ಸಂಗತಿ.

ಮೂರನೆಯ ಹೆಜ್ಜೆ: ಅದನ್ನು ದೇವರ ಮುಂದೆ ಹರಡಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಿಜ್ಕೀಯನ ಪ್ರಾರ್ಥನೆ ಕೇವಲ ಐದು ವಚನಗಳಷ್ಟು ಚಿಕ್ಕದು; ಅದರ ಕ್ರಮವನ್ನು ಗಮನಿಸಿದರೆ ಯಾರು ಬೇಕಾದರೂ ಅದರಂತೆ ಪ್ರಾರ್ಥಿಸಬಹುದು. ಮೊದಲು ಅವನು ದೇವರು ಯಾರೆಂದು ಹೇಳುತ್ತಾನೆ: ಭೂಮ್ಯಾಕಾಶಗಳನ್ನು ಉಂಟುಮಾಡಿದವನು ನೀನೇ. ಆಮೇಲೆ ಈ ಪತ್ರವನ್ನು ನೋಡು, ಈ ಮಾತುಗಳಿಗೆ ಕಿವಿಗೊಡು ಎಂದು ಕೇಳಿಕೊಳ್ಳುತ್ತಾನೆ. ಮೂರನೆಯದಾಗಿ ಅವನು ಹೇಳುವ ಮಾತು ನನಗೆ ಬಹಳ ಅಮೂಲ್ಯವಾಗಿ ಕಾಣುತ್ತದೆ: ಅಶ್ಶೂರದ ಅರಸರು ಇತರ ಜನಾಂಗಗಳನ್ನು ಹಾಳುಮಾಡಿದ್ದು ನಿಜ ಎಂದು ಒಪ್ಪಿಕೊಳ್ಳುತ್ತಾನೆ. ಬೆದರಿಕೆಯನ್ನು ಅವನು ಚಿಕ್ಕದಾಗಿ ತೋರಿಸಲಿಲ್ಲ, ಶತ್ರು ಬಲಹೀನನೆಂದು ನಟಿಸಲಿಲ್ಲ. ಇಷ್ಟನ್ನು ಹೇಳಿದ ಮೇಲೆಯೇ "ನಮ್ಮನ್ನು ರಕ್ಷಿಸು" ಎಂದು ಸ್ಪಷ್ಟವಾಗಿ ಬೇಡುತ್ತಾನೆ.

ನೀವೂ ಹಾಗೆಯೇ ಮಾಡಿರಿ. ಕೋಣೆಯ ಬಾಗಿಲು ಮುಚ್ಚಿ, ಆ ವರದಿಯನ್ನಾಗಲಿ ನೋಟಿಸನ್ನಾಗಲಿ ನೀವು ಬರೆದ ಪುಟವನ್ನಾಗಲಿ ನಿಜವಾಗಿಯೂ ಮುಂದೆ ಹರಡಿಕೊಳ್ಳಿರಿ. ದೇವರಿಗೆ ಕಾಗದ ಓದಿಸಬೇಕಾಗಿಲ್ಲವೆಂಬುದು ಹಿಜ್ಕೀಯನಿಗೂ ಗೊತ್ತಿತ್ತು; ಆದರೂ ಕೈ ಹರಡಿದಾಗ ಮನಸ್ಸೂ ಬಿಗಿಹಿಡಿದದ್ದನ್ನು ಸಡಿಲಿಸುತ್ತದೆ. ಬರೆದ ವಾಕ್ಯಗಳನ್ನು ಒಂದೊಂದಾಗಿ, ಮೆಲ್ಲನೆ ಆದರೂ ಬಾಯಿಬಿಟ್ಟು ಓದಿರಿ. ಸಭೆಯಲ್ಲಿ ಪ್ರಾರ್ಥಿಸುವಾಗ ಬಳಸುವ ದೊಡ್ಡ ಮಾತುಗಳು ಇಲ್ಲಿ ಬೇಡ. ಮನೆಯಲ್ಲಿ ಅಪ್ಪನ ಹತ್ತಿರ ಮಾತನಾಡುವ ಕನ್ನಡ, ತುಳು, ಕೊಂಕಣಿ ಯಾವುದಾದರೂ ಸಾಕು. ಅಳು ಬಂದರೆ ಅತ್ತುಬಿಡಿರಿ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ದಾವೀದನು "ಇನ್ನೆಷ್ಟರವರೆಗೆ" ಎಂದು ದೇವರನ್ನು ಮತ್ತೆಮತ್ತೆ ಕೇಳುತ್ತಾನೆ. ದೇವರು ಅಂಥ ಪ್ರಶ್ನೆಯನ್ನು ತನ್ನ ಗ್ರಂಥದಿಂದ ತೆಗೆದುಹಾಕಿಸದೆ ನಮಗಾಗಿ ಉಳಿಸಿದ್ದಾನೆ. ನಂಬಿಕೆ ಸಾಲುತ್ತಿಲ್ಲವೆಂದು ತೋರಿದರೆ ಅದನ್ನೂ ಹೇಳಬಹುದು. ರೋಗಪೀಡಿತನಾದ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯು, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಕೂಗಿದ್ದನ್ನು ಮಾರ್ಕನು 9ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ.

ಬೇಡಿಕೆಯೊಂದಿಗೆ ಕೃತಜ್ಞತೆಯೂ ಇರಬೇಕೆಂದು ಫಿಲಿಪ್ಪಿ 4:6 ಹೇಳುತ್ತದೆ. ಬಂದ ಕಷ್ಟಕ್ಕಾಗಿಯೇ ಸ್ತೋತ್ರ ಹೇಳಬೇಕೆಂದು ಇದರ ಅರ್ಥವಲ್ಲ. ಆ ದಿನ ನಿಜವಾಗಿ ಸಿಕ್ಕಿದ ಒಂದೆರಡು ಉಪಕಾರಗಳನ್ನು ಹೆಸರಿಸಿದರೆ ಸಾಕು: ಪಕ್ಕದ ಮನೆಯವರು ತಂದುಕೊಟ್ಟ ಗಂಜಿ, ರಜೆ ಕೊಟ್ಟ ಮೇಲಧಿಕಾರಿ, ನೋವಿಲ್ಲದೆ ಕಳೆದ ಒಂದು ಗಂಟೆ. ಹೀಗೆ ಮಾಡುವವರ ಹೃದಯಗಳನ್ನು ದೇವಶಾಂತಿಯು ಕಾಯುತ್ತದೆಂಬ ಮಾತಿನಲ್ಲಿ "ಕಾಯುವುದು" ಎಂಬುದಕ್ಕೆ ಪೌಲನು ಬಳಸಿದ್ದು ಸೈನಿಕರ ಕಾವಲಿಗೆ ಸಲ್ಲುವ ಪದ. ಸ್ವತಃ ಸೆರೆಯಲ್ಲಿ, ಕಾವಲುಗಾರರ ನಡುವೆ ಕುಳಿತು ಅವನು ಇದನ್ನು ಬರೆದನು. ಹೊರಗೆ ಇನ್ನೂ ಅಪಾಯವಿರುವಾಗಲೇ ಕಾವಲು ಬೇಕಾಗುವುದು. ಅಪಾಯ ಹೋದ ಮೇಲೆ ಬರುವ ನೆಮ್ಮದಿಯ ವಿಷಯವನ್ನು ಅವನು ಹೇಳುತ್ತಿಲ್ಲ.

ಒಂದು ಸಲ ಪ್ರಾರ್ಥಿಸಿ ಎದ್ದ ಮೇಲೆ ಅದೇ ಭಯ ಅರ್ಧ ಗಂಟೆಯಲ್ಲಿ ಮರಳಿ ಬಂದರೆ ಪ್ರಾರ್ಥನೆ ವ್ಯರ್ಥವಾಯಿತೆಂದು ತಿಳಿಯಬೇಡಿರಿ. ಗೆತ್ಸೇಮನೆಯಲ್ಲಿ ಯೇಸು ಮೂರು ಸಲ, ಅದೇ ಮಾತುಗಳಿಂದ ಪ್ರಾರ್ಥಿಸಿದನು. ಕನ್ನಡ ಸತ್ಯವೇದದಲ್ಲಿ ಮೊದಲನೆಯ ಪೇತ್ರ 5:7 ಬಹಳ ಸೊಗಸಾಗಿ ಬಂದಿದೆ: ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ. ಗ್ರೀಕಿನಲ್ಲಿ ಇವೆರಡೂ ಬೇರೆಬೇರೆ ಪದಗಳು. ನಮ್ಮ ಭಾಷೆಯಲ್ಲಿ ಮಾತ್ರ ಒಂದೇ ಪದವು ನಮ್ಮಲ್ಲಿ ಹೊರೆಯಾಗಿಯೂ ಆತನಲ್ಲಿ ಅಕ್ಕರೆಯಾಗಿಯೂ ಅರ್ಥ ಬದಲಿಸಿಕೊಂಡಿದೆ. ಹೊರೆ ಮತ್ತೆ ಹೆಗಲಿಗೆ ಬಂದಾಗಲೆಲ್ಲ ಮತ್ತೆ ಹಾಕಬಹುದು.

ನಾಲ್ಕನೆಯ ಹೆಜ್ಜೆ: ಇಂದಿನ ಕೆಲಸವೊಂದನ್ನು ಮಾಡಿರಿ

ಪ್ರಾರ್ಥಿಸಿದ ಅರಸನೇ ಸುರಂಗವನ್ನೂ ತೋಡಿಸಿದನು. ಮುತ್ತಿಗೆಯ ಕಾಲದಲ್ಲಿ ಪಟ್ಟಣಕ್ಕೆ ನೀರು ಸಿಗುವಂತೆ ಹಿಜ್ಕೀಯನು ಬಂಡೆಯೊಳಗೆ ಕೊರೆಯಿಸಿದ ಸುಮಾರು 533 ಮೀಟರ್ ಉದ್ದದ ಆ ಸುರಂಗ ಯೆರೂಸಲೇಮಿನಲ್ಲಿ ಇಂದಿಗೂ ಇದೆ; ಎರಡು ಕಡೆಯಿಂದ ಕೊರೆಯುತ್ತಾ ಬಂದ ಕೆಲಸಗಾರರು ಮಧ್ಯದಲ್ಲಿ ಸಂಧಿಸಿದ್ದನ್ನು ಹೇಳುವ ಶಾಸನವು 1880ರಲ್ಲಿ ಅಲ್ಲಿ ಸಿಕ್ಕಿತು. ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನೂ ಅಷ್ಟೇ. ಶತ್ರುಗಳು ಕೂಡಿಬಂದಾಗ, ನಾವು ನಮ್ಮ ದೇವರಿಗೆ ಪ್ರಾರ್ಥನೆಮಾಡಿದೆವು ಮತ್ತು ಹಗಲಿರುಳು ಕಾವಲಿಟ್ಟೆವು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ನಿಮ್ಮ ನೋಟ್‌ಬುಕ್ಕಿನ ಪ್ರತಿ ವಾಕ್ಯದ ಕೆಳಗೆ, ಇಂದು ನನ್ನ ಕೈಯಲ್ಲಿ ಆಗಬಹುದಾದ ಒಂದು ಕೆಲಸ ಯಾವುದು ಎಂದು ಕೇಳಿಕೊಂಡು ಬರೆಯಿರಿ. ಸಾಲದ ಭಯವಿದ್ದರೆ ಬಾಕಿಯೆಷ್ಟು, ಕಂತು ಯಾವತ್ತಿಗೆ ಎಂಬುದನ್ನು ನಿಖರವಾಗಿ ಬರೆದುಕೊಂಡು ಬ್ಯಾಂಕಿನ ಶಾಖೆಗೆ ಹೋಗಿ ಕಂತುಗಳನ್ನು ಮರುಹೊಂದಿಸಲು ಸಾಧ್ಯವೇ ಎಂದು ವಿಚಾರಿಸುವುದೇ ಆ ದಿನದ ಕೆಲಸವಾಗಬಹುದು. ಏನೂ ಮಾಡಲಾಗದ ಸಂಗತಿಯಾದರೆ ಆ ಜಾಗವನ್ನು ಖಾಲಿ ಬಿಟ್ಟು, ಅದು ದೇವರ ಪಾಲಿನದೆಂದು ಒಪ್ಪಿಸಿರಿ.

ಮತ್ತಾಯ 6ನೆಯ ಅಧ್ಯಾಯದಲ್ಲಿ ಚಿಂತೆ ಮಾಡಬೇಡಿರೆಂದು ಯೇಸು ಮೂರು ಸಲ ಆಜ್ಞಾಪಿಸಿ, ಆ ದಿನದ ಪಾಡು ಆ ದಿನಕ್ಕೆ ಸಾಕೆಂದು ಮುಗಿಸುತ್ತಾನೆ. ದಿನಗೂಲಿಯ ಮೇಲೆ ಬದುಕುವವರು ತುಂಬಿದ್ದ ಸಮಾಜದಲ್ಲಿ ಆಡಿದ ಮಾತು ಇದು. ಅದೇ ಅಧ್ಯಾಯದಲ್ಲಿ ಆತನು ಕಲಿಸಿದ ಪ್ರಾರ್ಥನೆಯೂ ಅನುದಿನದ ಆಹಾರವನ್ನು ಆಯಾ ದಿನಕ್ಕೇ ಬೇಡುತ್ತದೆ. ಆಕಾಶದ ಹಕ್ಕಿಗಳು ಬಿತ್ತುವುದಿಲ್ಲವೆಂದು ಆತನು ಹೇಳಿದನೇ ಹೊರತು ಗೂಡಿನಲ್ಲಿಯೇ ಕುಳಿತಿರುತ್ತವೆಂದು ಹೇಳಲಿಲ್ಲ. ಬೆಳಗಾದರೆ ಅವು ಆಹಾರ ಹುಡುಕಿಕೊಂಡು ಹಾರುತ್ತವೆ.

ಐದನೆಯ ಹೆಜ್ಜೆ: ಒಬ್ಬರಿಗಾದರೂ ಹೇಳಿರಿ

ಹಿಜ್ಕೀಯನು ಪ್ರವಾದಿಯಾದ ಯೆಶಾಯನ ಬಳಿಗೆ ಜನರನ್ನು ಕಳುಹಿಸಿ, ಈ ದಿನವು ಇಕ್ಕಟ್ಟಿನ ದಿನ, ಮಕ್ಕಳು ಹುಟ್ಟುವ ಹೊತ್ತು ಬಂದಿದೆ, ಹೆರುವುದಕ್ಕೆ ಶಕ್ತಿಯಿಲ್ಲ ಎಂದು ಹೇಳಿಸಿ, ತಮಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡನು. ಅರಸನೊಬ್ಬನು ತನ್ನ ಅಶಕ್ತಿಯನ್ನು ಇಷ್ಟು ನೇರವಾಗಿ ಹೇಳಿಕೊಂಡಿರುವಾಗ ನಾವು ಸಭೆಯವರ ಮುಂದೆ ಎಲ್ಲವೂ ಚೆನ್ನಾಗಿದೆಯೆಂದು ತೋರಿಸಿಕೊಳ್ಳುವ ಅಗತ್ಯವಿಲ್ಲ. ಸಭಾಪಾಲಕರು, ಧರ್ಮಕೇಂದ್ರದ ಗುರುಗಳು, ಸ್ತ್ರೀಯರ ಕೂಟದ ಹಿರಿಯಕ್ಕ, ಮನೆಪ್ರಾರ್ಥನೆಗೆ ಬರುವ ಒಬ್ಬ ಗೆಳೆಯ, ಇವರಲ್ಲಿ ಗುಟ್ಟು ಕಾಯಬಲ್ಲ ಒಬ್ಬರನ್ನು ಆರಿಸಿಕೊಂಡು, ಬರೆದ ಪುಟವನ್ನೇ ಓದಿ ಹೇಳಿರಿ. ಎಲ್ಲರಿಗೂ ಹೇಳಬೇಕಾಗಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದಂತೂ ಬೇಡ.

ಕೇಳುವ ಸ್ಥಾನದಲ್ಲಿರುವವರಿಗೂ ಒಂದು ಮಾತು. ಹೊಸವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡಿನಂತೆ ಒಂದು ವಚನವನ್ನು ಕೈಗಿಟ್ಟು ಬೇಗನೆ ಎದ್ದುಹೋಗಬೇಡಿರಿ. ಎದುರಿಗಿರುವವರು ಮಾತು ಮುಗಿಸುವವರೆಗೆ ಕೇಳಿರಿ, ಆಮೇಲೆ ಅವರ ಹೆಸರು ಹಿಡಿದು ಪ್ರಾರ್ಥಿಸಿರಿ, ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬರಲೇ ಎಂದು ಕೇಳಿರಿ. ಆಸ್ಪತ್ರೆಯ ವರಾಂಡದಲ್ಲಿ ಹೀಗೆ ಜೊತೆಗೆ ಕುಳಿತವರನ್ನು ಜನರು ಎಷ್ಟೋ ವರ್ಷಗಳ ಮೇಲೂ ನೆನೆಯುವುದನ್ನು ಕೇಳಿದ್ದೇನೆ. ಆ ದಿನ ಹೇಳಿದ ವಚನ ಯಾವುದೆಂದು ಅವರಿಗೆ ನೆನಪಿರುವುದು ಅಪರೂಪ.

ಆರನೆಯ ಹೆಜ್ಜೆ: ದೇಹವನ್ನು ಮರೆಯಬೇಡಿರಿ

ರಾಣಿಯಾದ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿಹೋದ ಪ್ರವಾದಿಯಾದ ಎಲೀಯನು ಬೇರ್ಷೆಬದಿಂದ ಒಂದು ದಿನದ ದಾರಿಯಷ್ಟು ಅರಣ್ಯದೊಳಗೆ ಹೋಗಿ, ಗಿಡದ ಕೆಳಗೆ ಕುಳಿತು, ತನ್ನ ಪ್ರಾಣವನ್ನು ತೆಗೆದುಬಿಡು ಎಂದು ದೇವರನ್ನು ಬೇಡಿದನು. ದೇವರು ಅವನಿಗೆ ಬೋಧಿಸಲು ತೊಡಗಲಿಲ್ಲ. ಮೊದಲು ಅವನು ನಿದ್ದೆಮಾಡಿದನು; ದೂತನು ಎಬ್ಬಿಸಿದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ತಲೆಯ ಬಳಿ ಇದ್ದವು; ತಿಂದು ಮತ್ತೆ ಮಲಗಿದನು; ಎರಡನೆಯ ಸಲವೂ ಊಟವೇ ಬಂತು. ಮಾತುಕತೆ ನಡೆದದ್ದು ನಲವತ್ತು ದಿನಗಳ ದಾರಿ ನಡೆದು ಹೋರೇಬನ್ನು ತಲುಪಿದ ಮೇಲೆ. ಚಿಂತೆಯಲ್ಲಿರುವಾಗ ಹೊತ್ತಿಗೆ ಸರಿಯಾಗಿ ಉಣ್ಣುವುದು, ಬೆಳಗ್ಗೆ ಅರ್ಧ ಗಂಟೆ ನಡೆಯುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಮಲಗುವ ಮುಂಚೆ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು, ಇವು ಆತ್ಮಿಕವಲ್ಲದ ಕೆಲಸಗಳೆಂದು ಎಣಿಸಬೇಡಿರಿ. ಆಗಲೇ ಸೊರಗಿರುವವರು ಭಯ ಕಳೆಯಲೆಂದು ಉಪವಾಸ ಪ್ರಾರ್ಥನೆಗೆ ಕೂರುವುದು ನನಗೆ ಸರಿಯೆನಿಸುವುದಿಲ್ಲ.

ನಡುರಾತ್ರಿ ಎಚ್ಚರವಾಗಿ ಎದೆ ಬಡಿದುಕೊಳ್ಳುವಾಗ ದೀರ್ಘವಾದ ಪ್ರಾರ್ಥನೆ ಸಾಧ್ಯವಾಗುವುದಿಲ್ಲ. ಆಗ 23ನೆಯ ಕೀರ್ತನೆಯ ಮೊದಲ ವಚನವನ್ನು ಉಸಿರಿಗೆ ಹೊಂದಿಸಿಕೊಳ್ಳಬಹುದು: ಮೂಗಿನಿಂದ ನಿಧಾನವಾಗಿ ಉಸಿರೆಳೆಯುತ್ತಾ "ಯೆಹೋವನು ನನಗೆ ಕುರುಬನು" ಎಂದೂ, ಅದಕ್ಕಿಂತ ಇನ್ನೂ ನಿಧಾನವಾಗಿ ಉಸಿರು ಬಿಡುತ್ತಾ "ಕೊರತೆಪಡೆನು" ಎಂದೂ ಮನಸ್ಸಿನಲ್ಲಿ ಹೇಳಿಕೊಂಡು ಹತ್ತು ನಿಮಿಷ ಮುಂದುವರಿಸಿರಿ. ಪೂರ್ವದ ಕ್ರೈಸ್ತ ಸನ್ಯಾಸಿಗಳು ಯೇಸುವಿನ ಹೆಸರನ್ನು ಹೀಗೆಯೇ ಉಸಿರಿನೊಂದಿಗೆ ಜಪಿಸುತ್ತಾ ಬಂದಿದ್ದಾರೆ. ನಿದ್ದೆ ಬಾರದಿದ್ದರೆ 121ನೆಯ ಕೀರ್ತನೆಯನ್ನು ನೆನೆಯಿರಿ. ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲವಾದ್ದರಿಂದ ಆ ರಾತ್ರಿಯ ಕಾವಲನ್ನು ನೀವು ಮಾಡಬೇಕಾಗಿಲ್ಲ.

ಏಳನೆಯ ಹೆಜ್ಜೆ: ವೈದ್ಯರ ಬಳಿಗೆ ಹೋಗಲು ಹಿಂಜರಿಯಬೇಡಿರಿ

ಹಿಜ್ಕೀಯನು ಮರಣಕರ ರೋಗದಲ್ಲಿ ಬಿದ್ದಾಗ, ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸುವೆನೆಂದು ದೇವರು ಮಾತು ಕೊಟ್ಟನು. ಮಾತು ಸಿಕ್ಕಿದ ಮೇಲೂ ಯೆಶಾಯನು ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ವಾಗ್ದಾನವೂ ಔಷಧವೂ ಒಂದಕ್ಕೊಂದು ಎದುರಲ್ಲ. ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ ಬೆವರಿ ಉಸಿರುಗಟ್ಟಿದಂತಾಗುವುದು ಮರುಕಳಿಸುತ್ತಿದ್ದರೆ, ಅದು ನಂಬಿಕೆಯ ಕೊರತೆಯಲ್ಲ, ಚಿಕಿತ್ಸೆಯಿರುವ ಆತಂಕದ ಕಾಯಿಲೆಯಾಗಿರಬಹುದು. ಎದೆನೋವು ಮೊದಲ ಸಲ ಬಂದಾಗ ಅದನ್ನು ಚಿಂತೆಯೆಂದು ನೀವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗುಣವಾಯಿತೆಂದು ಯಾರೇ ವೇದಿಕೆಯ ಮೇಲಿನಿಂದ ಸಾರಿದರೂ, ಬರೆದುಕೊಟ್ಟ ವೈದ್ಯರನ್ನು ಕೇಳದೆ ಮಾತ್ರೆಗಳನ್ನು ನಿಲ್ಲಿಸಬೇಡಿರಿ.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರವಾಗಿದೆ. ಬದುಕಿರುವುದೇ ಬೇಡವೆಂಬ ಯೋಚನೆ ಬಂದಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆ ಸಂಖ್ಯೆಗೆ ಕರೆ ಮಾಡಿರಿ, ಮನೆಯಲ್ಲಿರುವ ಒಬ್ಬರನ್ನು ಎಬ್ಬಿಸಿರಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಬಾಗಿಲುಗಳೆಲ್ಲ ತೆರೆದುಹೋದದ್ದನ್ನು ಕಂಡು ಕತ್ತಿ ಹಿರಿದು ಸಾಯಲಿದ್ದ ಅಧಿಕಾರಿಗೆ, ಕೈಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲಿಯೇ ಇದ್ದೇವೆ ಎಂದು ಪೌಲನು ಕತ್ತಲಲ್ಲಿ ಗಟ್ಟಿಯಾಗಿ ಕೂಗಿ ಹೇಳಿದನು. ಅದೇ ಮಾತನ್ನು ನಿಮಗೂ ಹೇಳುತ್ತಿದ್ದೇನೆ.

ಎಂಟನೆಯ ಹೆಜ್ಜೆ: ಬಲಗಡೆಯ ಪುಟ

ಯೆರೂಸಲೇಮ್ ಉಳಿಯಿತು, ಆದರೆ ಯೆಹೂದದ ಇನ್ನೊಂದು ಪಟ್ಟಣವಾದ ಲಾಕೀಷ್ ಉಳಿಯಲಿಲ್ಲ. ಆ ಪಟ್ಟಣವನ್ನು ಹಿಡಿದದ್ದನ್ನೂ ಅದರ ಜನರನ್ನು ಸೆರೆ ಒಯ್ದದ್ದನ್ನೂ ಸನ್ಹೇರೀಬನು ತನ್ನ ಅರಮನೆಯ ಕಲ್ಲಿನ ಗೋಡೆಗಳಲ್ಲಿ ಕೆತ್ತಿಸಿದನು. ಆ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಲಾಕೀಷಿನಲ್ಲಿಯೂ ಪ್ರಾರ್ಥಿಸಿದ ಮನೆಗಳಿದ್ದಿರಬೇಕು. ಗೆತ್ಸೇಮನೆಯಲ್ಲಿ ದೇವರ ಮಗನು ಬೇಡಿದಾಗಲೂ ಆ ಪಾತ್ರೆಯು ತೊಲಗಲಿಲ್ಲ. ಆದ್ದರಿಂದ, ಹೀಗೆ ಪ್ರಾರ್ಥಿಸಿದರೆ ವರದಿ ನೀವು ಬಯಸಿದಂತೆಯೇ ಬರುತ್ತದೆಂದು ನಾನು ನಿಮಗೆ ಹೇಳಲಾರೆ, ಹಾಗೆ ಹೇಳುವವರನ್ನು ನಂಬಿರೆಂದೂ ಹೇಳಲಾರೆ. ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ನೀನು ಹತ್ತಿರವಿದ್ದೀ ಎಂದು ಕೀರ್ತನೆಕಾರನು ಹಾಡುತ್ತಾನೆ. ಕಣಿವೆಯೇ ಇರುವುದಿಲ್ಲವೆಂದು ಅವನು ಹಾಡಲಿಲ್ಲ.

ನೋಟ್‌ಬುಕ್ಕಿನ ಬಲಗಡೆಯ ಪುಟವನ್ನು ಇದಕ್ಕಾಗಿಯೇ ಖಾಲಿ ಬಿಟ್ಟಿರಿ. ತಿಂಗಳಿಗೊಮ್ಮೆ, ಅವಸರವಿಲ್ಲದ ಒಂದು ಭಾನುವಾರ ಸಂಜೆ ಕುಳಿತು, ಎಡಗಡೆ ಬರೆದ ಪ್ರತಿ ಭಯದ ಎದುರಿಗೆ ನಿಜವಾಗಿ ಏನಾಯಿತೆಂದು ತಾರೀಖಿನೊಂದಿಗೆ ಬರೆಯಿರಿ. ಹೆದರಿದ್ದು ನಡೆಯದೇ ಹೋಗಿದ್ದರೆ ಹಾಗೆಂದೇ ಬರೆದು ಸ್ತೋತ್ರ ಮಾಡಿರಿ. ನಡೆದೇ ಹೋಗಿದ್ದರೆ, ಆ ದಿನ ಯಾರು ಬಂದರು, ಹೇಗೆ ದಾಟಿದಿರಿ ಎಂಬುದನ್ನು ಬರೆಯಿರಿ. ಬರೆಯಲು ಏನೂ ಕಾಣದಿದ್ದರೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ನೀವು ನಂಬಿದ ಆ ಒಬ್ಬರ ಜೊತೆ ಕುಳಿತು ಗಟ್ಟಿಯಾಗಿ ಓದಿರಿ. ಉತ್ತರ ಇನ್ನೂ ಬಂದಿಲ್ಲದ ಸಾಲುಗಳನ್ನು ಖಾಲಿಯಾಗಿಯೇ ಬಿಟ್ಟು, ಮರುದಿನ ಅದೇ ಹೊತ್ತಿಗೆ ಮತ್ತೆ ಆ ಪುಟವನ್ನು ದೇವರ ಮುಂದೆ ಹರಡಿರಿ.